ದಾರದ ಇನ್ನೊಂದು ತುದಿ

ಟರ್ಪೆಂಟೈನ್ ವಾಸನೆ ಮನೆ ಹೊಕ್ಕು ಮೂರು ದಿನವಾಯಿತು. ಮಗಳು ಕಿಟಕಿಗಳನ್ನೆಲ್ಲ ತೆಗೆದಿಟ್ಟು ತಲೆ ಸಿಡಿಯುತ್ತಿದೆ ಎಂದು ಗೊಣಗುತ್ತಾಳೆ. ನಾನು ಮಾತ್ರ ಹಾಲ್‌ನ ನಡುವೆಯೇ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಬಣ್ಣ ಹೊಡೆಯುವವನ ಜೊತೆಗಾರ ಇವತ್ತು ಬರಲಿಲ್ಲ. ಗೋಡೆಯ ಕೆಳಗರ್ಧಕ್ಕೆ ಕಡು ಬಣ್ಣ, ಮೇಲರ್ಧಕ್ಕೆ ತಿಳಿ ಬಣ್ಣ, ನಡುವೆ ನೇರವಾಗಿ ಒಂದು ಗೆರೆ ಬರಬೇಕು. ಆತ ನೀಲಿ ಪುಡಿ ಸವರಿದ ದಾರವನ್ನು ಕೈಯಲ್ಲಿ ಹಿಡಿದು ಆಚೆ ಈಚೆ ನೋಡಿ, ಕೊನೆಗೆ ನನ್ನ ಕಡೆ ತಿರುಗಿದ.

"ಅಮ್ಮ, ಈ ದಾರದ ತುದಿ ಒಸಿ ಹಿಡ್ಕೊತೀರಾ? ಒಬ್ನೇ ಆದ್ರೆ ಆಗಲ್ಲ."

"ಕಾಫಿ ಕುಡಿದು ಬಿಡಪ್ಪ, ಆಮೇಲೆ ಹಿಡಿಯೋಣ" ಎಂದೆ. ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಇಷ್ಟು ವಯಸ್ಸಾದ ಮೇಲೂ ನನ್ನ ಬಾಯಿಗೆ ಮೊದಲು ಬರುವುದು 'ಆಮೇಲೆ' ಎನ್ನುವ ಮಾತೇ. ಆತ ಲೋಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತ. ದಾರ ನೆಲದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅದನ್ನು ನೋಡುತ್ತ ನೋಡುತ್ತ...

ನಾನು ಓದಿದ್ದು ತುಮಕೂರಿನ ಒಂದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲು. ಗೇಟು ದಾಟಿದರೆ ಎಡಕ್ಕೆ ಚಾಪೆಲ್, ಬಲಕ್ಕೆ ಕಲ್ಲಿನ ಗವಿಯೊಳಗೆ ಕೈ ಮುಗಿದು ನಿಂತ ಮರಿಯಮ್ಮ, ಎದುರಿಗೆ ಹೆಂಚಿನ ದೊಡ್ಡ ಹಾಲ್. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮಗಳು ಇಂಗ್ಲಿಷ್ ಕಲಿಯಲಿ, ಶಿಸ್ತು ಕಲಿಯಲಿ ಎಂದು ಅಲ್ಲಿಗೆ ಹಾಕಿದ್ದರು. ಇಂಗ್ಲಿಷನ್ನು ಸಿಸ್ಟರುಗಳು ನೋಡಿಕೊಂಡರು, ಶಿಸ್ತನ್ನು ಡ್ರಿಲ್ ಮೇಷ್ಟ್ರು.

ಅವರನ್ನು ನಾವು ಯಾರೂ ಹೆಸರು ಹಿಡಿದು ಕರೆದವರಲ್ಲ. ಈಗಲೂ ನನ್ನಿಂದ ಆಗದು. ಗುಬ್ಬಿ ಕಡೆಯ ಒಂದು ಹಳ್ಳಿಯವರು. ಮನೆಯಲ್ಲಿ ನಾಲ್ಕು ತೆಂಗಿನ ಮರ, ಒಂದಿಷ್ಟು ರಾಗಿ ಹೊಲ, ತುಂಬ ಜನ ಅಣ್ಣತಮ್ಮಂದಿರು. ಮೀಸೆ ಮೂಡುವ ಮೊದಲೇ ಮಿಲಿಟರಿ ಸೇರಿದ್ದರಂತೆ. ಅಲ್ಲಿಂದ ಬಿಡುಗಡೆಯಾಗಿ ಬಂದ ಮೇಲೆ ನಮ್ಮ ಸ್ಕೂಲಿಗೆ ಸೇರಿಕೊಂಡರು. ಮಿಲಿಟರಿ ಎಂದರೆ ನಮಗೆಲ್ಲ ಬಂದೂಕು. ಹುಡುಗಿಯರು ಸುತ್ತ ನಿಂತು ಎಷ್ಟು ಜನರನ್ನು ಹೊಡೆದಿರಿ ಸರ್ ಎಂದು ಕೇಳಿದರೆ, "ನಾನು ಹೊಡ್ದಿದ್ದು ಬಣ್ಣ ಕಣ್ರವ್ವ" ಎನ್ನುತ್ತಿದ್ದರು. ನಿಜವೇ. ಅವರು ಅಲ್ಲಿ ಪೇಂಟರ್ ಆಗಿದ್ದವರು. ಲಾರಿಗಳ ಮೇಲೆ ನಂಬರು, ಪೆಟ್ಟಿಗೆಗಳ ಮೇಲೆ ಅಕ್ಷರ ಬರೆಯುವುದು ಅವರ ಕೆಲಸ. ನಮಗೆ ಬಹಳ ನಿರಾಸೆಯಾಗಿತ್ತು.

ಆ ಕೈಗುಣ ಸಿಸ್ಟರುಗಳಿಗೆ ಚೆನ್ನಾಗಿ ಉಪಯೋಗಕ್ಕೆ ಬಂತು. ಕ್ರಿಸ್‌ಮಸ್ ಕೊಟ್ಟಿಗೆಯ ಹಿಂದಿನ ಪರದೆಗೆ ನಕ್ಷತ್ರ ಬರೆಯುವವರು ಅವರೇ. ಆ ನಕ್ಷತ್ರದ ಕೆಳಗಿನ ಬೆಟ್ಟ ನೋಡಿದರೆ ಥೇಟ್ ದೇವರಾಯನದುರ್ಗ. ನವೆಂಬರಿನಲ್ಲಿ ಸತ್ತವರನ್ನು ನೆನೆಯುವ ದಿನ ಬಂದರೆ, ಕಾಂಪೌಂಡಿನ ಹಿಂದೆ ಮಣ್ಣಾಗಿದ್ದ ಹಳೆಯ ಸಿಸ್ಟರುಗಳ ಶಿಲುಬೆಗಳ ಮೇಲೆ ಮಾಸಿದ ಹೆಸರುಗಳನ್ನು ತಿದ್ದಿ ಬರೆಯುವವರೂ ಅವರೇ. ಆದರೆ ಅವರ ಪ್ರಾಣವೆಲ್ಲ ಇದ್ದದ್ದು ಹಾಲ್‌ನ ಬೋರ್ಡಿನಲ್ಲಿ. ಕರಿ ಬಣ್ಣದ ಮರದ ಬೋರ್ಡು, ಸುತ್ತ ತೇಗದ ಕಟ್ಟು. ಪ್ರತಿ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೆ ಮೊದಲು ಬಂದವಳ ಹೆಸರು ಅದರ ಮೇಲೆ ಹೊನ್ನಿನ ಬಣ್ಣದಲ್ಲಿ ಏರುತ್ತಿತ್ತು. ವರ್ಷಕ್ಕೆ ಒಂದೇ ಸಾಲು.

ಆ ಸಾಲು ಬರೆಯಲು ಅವರದೊಂದು ಪದ್ಧತಿ ಇತ್ತು. ಹುಡುಗಿ ಖುದ್ದಾಗಿ ಬಂದು ಬೋರ್ಡಿನ ಮುಂದೆ ಅಟೆನ್ಷನ್‌ನಲ್ಲಿ ನಿಲ್ಲಬೇಕು. ಅವರು ಗಟ್ಟಿಯಾಗಿ ಅವಳ ಹೆಸರು ಕರೆಯುತ್ತಾರೆ. ಅವಳು "ಹಾಜರ್ ಸರ್" ಎನ್ನಬೇಕು. ಅದಾದ ಮೇಲೆಯೇ ಬ್ರಷ್ ಬಣ್ಣಕ್ಕೆ ಇಳಿಯುವುದು. ಒಂದು ವರ್ಷ ಸ್ಕೂಲಿಗೆ ಮೊದಲು ಬಂದವಳು ಫಲಿತಾಂಶದ ಬೆನ್ನಿಗೇ ಮದುವೆಯಾಗಿ ಕುಣಿಗಲ್‌ಗೆ ಹೋಗಿಬಿಟ್ಟಿದ್ದಳು. ಹೆಡ್ ಸಿಸ್ಟರ್ ಎಷ್ಟು ಹೇಳಿದರೂ ಇವರು ಬರೆಯಲಿಲ್ಲ. ಒಂದು ಸಾಲು ಖಾಲಿ ಬಿಟ್ಟು, ಮುಂದಿನ ವರ್ಷದವಳ ಹೆಸರನ್ನು ಕೆಳಗೆ ಬರೆದರು. ಕುಣಿಗಲ್‌ನಾಕೆ ಎಷ್ಟೋ ತಿಂಗಳಾದ ಮೇಲೆ ತುಂಬು ಬಸುರಿಯಾಗಿ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು "ಹಾಜರ್" ಎಂದಳು. ನಾವೆಲ್ಲ ಕಿಟಕಿಯಲ್ಲಿ ಮುಖ ತೂರಿಸಿ ನಗುತ್ತಿದ್ದೆವು. ಮೇಷ್ಟ್ರು ನಗಲಿಲ್ಲ.

ಯಾಕೆ ಹೀಗೆ ಎಂದು ನಾನೊಮ್ಮೆ ಕೇಳಿದ್ದೆ. ಅದು ನವೆಂಬರಿನ ದಿನ. ಅವರು ಶಿಲುಬೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಿಳಿ ಬಣ್ಣ ಕಲಸುತ್ತಿದ್ದರು. ಇಲ್ಲಿ ಮಾತ್ರ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ, ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದರು.

"ಯುದ್ಧ ಆಗೋವಾಗ ಲಾರಿ ನಂಬರು ಬರ್ಯೋದು ಬುಟ್ಟು ನಂಗೆ ಹಲಗೆ ಕೊಟ್ರು ಕಣವ್ವ. ಸತ್ತೋರ ಹೆಸ್ರು ಬರ್ಯಕ್ಕೆ. ನಮ್ ಕಡೆ ಹುಡುಗ್ರೂ ಇದ್ರು. ಮೊದಮೊದಲು ಹೆಸ್ರು ಕೂಗ್ಬುಟ್ಟು ಬರೀತಿದ್ದೆ, ಅಭ್ಯಾಸ ನೋಡು..." ಮತ್ತೆ ಬಣ್ಣ ಕಲಸಿದರು. ಆಮೇಲೆ, "ನೀವು ಓ ಅಂತೀರಲ್ಲ, ಅದುಕ್ಕೇ" ಎಂದರು.

ಅವರ ಕಣ್ಣು ಹೋಗುತ್ತಿದೆ ಎಂದು ಮೊದಲು ಗೊತ್ತಾದದ್ದು ನನಗೆ. ಆಗ ನಾನು ಒಂಬತ್ತನೇ ಕ್ಲಾಸು. ಬೋರ್ಡಿನ ಮೇಲೆ ಗೆರೆ ಹಾಕಲು ಸೀಮೆಸುಣ್ಣದ ಪುಡಿ ಸವರಿದ ದಾರ ಬೇಕು. ಒಬ್ಬರು ಒಂದು ತುದಿ, ಇನ್ನೊಬ್ಬರು ಇನ್ನೊಂದು ತುದಿ ಬಿಗಿಯಾಗಿ ಹಿಡಿದು, ನಡುವೆ ಮೀಟಿ ಬಿಟ್ಟರೆ ಕರಿ ಹಲಗೆಯ ಮೇಲೆ ಬಿಳಿ ಗೆರೆ ಮೂಡುತ್ತದೆ. ಆ ಸಲ ದಾರ ಹಿಡಿಯಲು ನನ್ನನ್ನು ಕರೆದರು. ಗೆರೆ ಬಂತು. ಅವರು ಬ್ರಷ್ ಎತ್ತಿದರು, ಅದು ಗೆರೆಯಿಂದ ಎರಡು ಬೆರಳು ಕೆಳಗೆ ಹೋಗಿ ನಿಂತಿತು.

"ಸರ್, ಅಲ್ಲಲ್ಲ, ಮೇಲೆ" ಎಂದೆ.

ಅವರ ಕೈ ಅಲ್ಲೇ ನಿಂತಿತು. ಆಮೇಲೆ ಮುಖವನ್ನು ಹಲಗೆಗೆ ತೀರ ಹತ್ತಿರ ತಂದು ನೋಡಿದರು. ಹತ್ತಿರ ತಂದರೆ ಬಿಳಿ ಗೆರೆ ಮಸುಕಾಗಿ ಕಾಣುತ್ತಿತ್ತಂತೆ. ಡ್ರಿಲ್‌ನಲ್ಲಿ ಯಾರಿಗೂ ಇದು ಗೊತ್ತಾಗಿರಲಿಲ್ಲ, ಏಕೆಂದರೆ ಅವರು ತಪ್ಪು ಹಿಡಿಯುತ್ತಿದ್ದುದೇ ಕಾಲಿನ ಸದ್ದಿನ ಮೇಲೆ.

"ಯಾರ್ಗೂ ಹೇಳ್ಬ್ಯಾಡ ಕಣವ್ವ" ಎಂದರು. "ಗೊತ್ತಾದ್ರೆ ಮನೇಗ್ ಕಳುಸ್ಬುಡ್ತಾರೆ. ಮನೇಲಿ ಕುಂತ್ಕೊಂಡು ನಾನೇನ್ ಮಾಡ್ಲಿ? ಈ ಬೋರ್ಡು ಒಂದಿದ್ರೆ ಸಾಕು ನಂಗೆ."

ನಾನು ಮರಿಯಮ್ಮನ ಗವಿಯ ಕಡೆ ಕೈ ತೋರಿಸಿ, ಆಣೆ ಸರ್, ಹೇಳಲ್ಲ ಎಂದೆ. ಆ ವರ್ಷವೂ ಅದರ ಮುಂದಿನ ವರ್ಷವೂ ನಾನೇ ದಾರ ಹಿಡಿದೆ. ಅವರ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಮೇಲೆ ಸರ್, ಕೆಳಗೆ ಸರ್, ಇಲ್ಲಿಗೆ ಸಾಕು ಸರ್ ಎನ್ನುತ್ತಿದ್ದೆ. ಅಕ್ಷರಗಳನ್ನು ಅವರ ಕೈ ತಾನೇ ತಿದ್ದುತ್ತಿತ್ತು, ಸಾಲು ಹಿಡಿಯಲು ಮಾತ್ರ ನಾನು ಬೇಕಿತ್ತು. ಮುಂದಿನ ವರ್ಷ ನನ್ನ ಹೆಸರೇ ಇಲ್ಲಿ ಬರಬೇಕು ಎಂದು ಒಳಗೊಳಗೇ ಆಸೆ ಹುಟ್ಟಿದ್ದೂ ಆ ಸ್ಟೂಲಿನ ಮೇಲೆ ಕೂತಾಗ.

ಬಂತು. ಸ್ಕೂಲಿಗೆ ನಾನೇ ಮೊದಲು ಬಂದೆ. ಅಪ್ಪ ಕಚೇರಿಗೆಲ್ಲ ಪೇಡ ಹಂಚಿದರು. ನಾನು ಕಾಲೇಜು ಸೇರಿದೆ, ಲಂಗ ದಾವಣಿ ಉಟ್ಟೆ, ಎರಡು ಜಡೆ ಹೋಗಿ ಒಂದು ಜಡೆಯಾಯಿತು. ನೆಲದ ಮೇಲೆ ಕಾಲು ನಿಲ್ಲದ ಕಾಲ ಅದು. ಸ್ಕೂಲ್ ಡೇ ಹತ್ತಿರ ಬಂದಾಗ ಮೇಷ್ಟ್ರು ಹೇಳಿ ಕಳಿಸಿದರು. ಒಂದು ಮಧ್ಯಾಹ್ನ ಗೆಳತಿಯರ ಜೊತೆ ಮ್ಯಾಟಿನಿಗೆ ಹೊರಟವಳು ದಾರಿಯಲ್ಲಿ ಸ್ಕೂಲಿಗೆ ನುಗ್ಗಿದೆ. ಗೆಳತಿಯರು ಗೇಟಿನ ಹತ್ತಿರ ಕಾಯುತ್ತಿದ್ದರು.

ಮೇಷ್ಟ್ರು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು ಬೋರ್ಡಿನ ಮುಂದೆ ಸಿದ್ಧವಾಗಿ ನಿಂತಿದ್ದರು. ನನ್ನ ಹೆಸರು ಕರೆದರು. ಅಷ್ಟು ಗಟ್ಟಿಯಾಗಿ ಅವರು ಯಾರ ಹೆಸರನ್ನೂ ಕರೆದದ್ದು ನಾನು ಕೇಳಿರಲಿಲ್ಲ. "ಹಾಜರ್ ಸರ್" ಎಂದೆ. ಅವರ ಮುಖ ಅರಳಿತು. ಜೇಬಿನಿಂದ ದಾರದ ಉಂಡೆ ತೆಗೆದು ಒಂದು ತುದಿಯನ್ನು ನನ್ನ ಕಡೆ ಚಾಚಿದರು.

"ನಾಳೆ ಬರ್ತೀನಿ ಸರ್, ಗೇಟಲ್ಲಿ ಕಾಯ್ತಾ ಇದ್ದಾರೆ."

"ನಾಳೆ ಬತ್ತೀಯಾ?"

"ಬರ್ತೀನಿ ಸರ್, ಖಂಡಿತ."

ಹೋಗಲಿಲ್ಲ. ಮರುದಿನ ಏನೋ ನೆಪ, ಅದರ ಮರುದಿನ ಇನ್ನೊಂದು, ಆಮೇಲೆ ಮರೆತೇಹೋಯಿತು. ಸುಳ್ಳು ಯಾಕೆ ಹೇಳಲಿ, ಮರೆತಿರಲಿಲ್ಲ... ಹಳೆಯ ಸ್ಕೂಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುವುದು ಕಾಲೇಜು ಹುಡುಗಿಗೆ ಯಾಕೋ ಕಡಿಮೆ ಎನ್ನಿಸಿತ್ತು. ಅವರು ನಾಲ್ಕೈದು ದಿನ ಕಾದರಂತೆ. ಬೇರೆ ಹುಡುಗಿಯನ್ನು ಕರೆಯಬಹುದಿತ್ತು. ಕರೆದಿದ್ದರೆ ಕಣ್ಣಿನ ವಿಷಯ ಹೊರಬೀಳುತ್ತಿತ್ತು. ಹೆಡ್ ಸಿಸ್ಟರ್ ಅವಸರ ಮಾಡಿದ ಮೇಲೆ ಒಬ್ಬರೇ ಕೂತು ಬರೆದುಬಿಟ್ಟರು.

ಸ್ಕೂಲ್ ಡೇಗೆ ಇನ್ನೂ ಒಂದು ವಾರವಿತ್ತು. ಕುಣಿಗಲ್‌ನಿಂದ ನಮ್ಮ ಸೋದರತ್ತೆ ಬಂದಿದ್ದರು. ಅಪ್ಪ ಹೆಮ್ಮೆಯಿಂದ ನಮ್ಮಿಬ್ಬರನ್ನೂ ಬೋರ್ಡು ತೋರಿಸಲು ಕರೆದುಕೊಂಡು ಹೋದರು. ಹಾಲ್‌ನೊಳಗೆ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕೊನೆಯ ಸಾಲು ನನ್ನದು. ಮೊದಲ ಎರಡು ಅಕ್ಷರ ಸರಿಯಾಗಿದ್ದವು. ಅಲ್ಲಿಂದ ಸಾಲು ಕೆಳಕ್ಕೆ ವಾಲುತ್ತ ವಾಲುತ್ತ ಹೋಗಿ, ಕೊನೆಯ ಅಕ್ಷರ ತೇಗದ ಕಟ್ಟಿನ ಮೇಲೇ ಹತ್ತಿ ಕೂತಿತ್ತು.

"ಇದೇನೇ ಇದು, ನಿನ್ ಹೆಸ್ರು ಜಾರ್ಕೊಂಡು ಬಿದ್ದೋಯ್ತಾ ಅದೆ!" ಎಂದು ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. "ಬರ್ದೋನು ಕುಡ್ಕೊಂಡು ಬರ್ದವ್ನೇನೋ!"

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಹೆಡ್ ಸಿಸ್ಟರ್ ರೂಮಿಗೆ ಹೋದೆ. ಹೆಸರು ಸೊಟ್ಟಗಿದೆ ಎಂದು ಹೇಳಿ ಬಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಅವರಿಗೆ ಕಣ್ಣೇ ಕಾಣಲ್ಲ ಸಿಸ್ಟರ್. ಎರಡು ವರ್ಷದಿಂದ ಕಾಣಲ್ಲ. ನಾನು ಪಕ್ಕದಲ್ಲಿ ಕೂತು ಹೇಳ್ತಿದ್ದೆ, ಅದಕ್ಕೆ ಸರಿಯಾಗಿ ಬರ್ತಿತ್ತು."

ಸಿಸ್ಟರ್ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಮಂಗಳೂರು ಕಡೆಯವರು, ಮಾತು ಮೃದು. "ನೀನು ಹೇಳಿದ್ದು ಒಳ್ಳೆಯದಾಯಿತು ಮಗು. ಆ ಮನುಷ್ಯ ಮಕ್ಕಳನ್ನು ರಸ್ತೆ ದಾಟಿಸುತ್ತಾರಲ್ಲ, ದಿನಾ" ಎಂದರು. ನಾನು ಆಣೆ ಮಾಡಿದ್ದ ಮರಿಯಮ್ಮ ಆ ರೂಮಿನ ಕಿಟಕಿಯಿಂದ ಕಾಣುತ್ತಿದ್ದಳು. ಆಗ ನಾನು ಆ ಕಡೆ ನೋಡಲಿಲ್ಲ.

ಎರಡೇ ದಿನದಲ್ಲಿ ಶಿರಾ ಗೇಟ್ ಹತ್ತಿರದ ಬೋರ್ಡು ಅಂಗಡಿಯ ಪೇಂಟರ್ ಬಂದು, ಮೇಷ್ಟ್ರು ಇಲ್ಲದ ಭಾನುವಾರ ನೋಡಿ, ಆ ಸಾಲನ್ನು ಅಳಿಸಿ ನೆಟ್ಟಗೆ ಬರೆದು ಹೋದ. ಅವನಿಗೆ ನನ್ನ ಮುಖವೂ ಗೊತ್ತಿರಲಿಲ್ಲ. ಯಾರೂ ಯಾರ ಹೆಸರನ್ನೂ ಕರೆಯಲಿಲ್ಲ.

ಆ ವರ್ಷದ ಸ್ಕೂಲ್ ಡೇಯಲ್ಲಿ ಬಹುಮಾನ ಪಡೆಯುವ ಮಕ್ಕಳ ಜೊತೆಗೆ ಮಾಜಿ ಸೈನಿಕರಿಗೂ ಸನ್ಮಾನವೆಂದು ಸಿಸ್ಟರ್ ಗೊತ್ತು ಮಾಡಿದರು. ಮೊದಲ ಸನ್ಮಾನ ನಮ್ಮದೇ ಡ್ರಿಲ್ ಮೇಷ್ಟ್ರಿಗೆ. ಸನ್ಮಾನ ಪತ್ರ ಓದುವವಳು ಆ ವರ್ಷದ ಮೊದಲಿಗಳಾದ ನಾನು. ಪತ್ರ ನನ್ನ ಕೈಗೆ ಬಂದದ್ದು ವೇದಿಕೆ ಹತ್ತುವಾಗ. ಮೇಷ್ಟ್ರು ಹಳೆಯ ಯೂನಿಫಾರಂ ಕೋಟಿನ ಮೇಲೆ ಎರಡು ಮೆಡಲ್ ಸಿಕ್ಕಿಸಿಕೊಂಡು ಬಂದಿದ್ದರು. ಗುಬ್ಬಿಯಿಂದ ಅವರ ಮಗಳು ಅಳಿಯ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ತಟ್ಟೆ ಕೊಟ್ಟರು, ಗಂಟೆ ಹೊಡೆಯುವ ಒಂದು ಗೋಡೆ ಗಡಿಯಾರ ಕೊಟ್ಟರು. ಅವರು ಅಟೆನ್ಷನ್‌ನಲ್ಲಿ ನಿಂತರು. ನಾನು ಓದುತ್ತ ಹೋದೆ. ದೇಶಸೇವೆ, ಕರ್ತವ್ಯನಿಷ್ಠೆ, ಮಕ್ಕಳ ಮೇಲಿನ ಮಮತೆ. ಮೈಕಿನಲ್ಲಿ ನನ್ನ ದನಿ ಚೆನ್ನಾಗಿ ಕೇಳಿಸುತ್ತಿದೆ ಎಂದು ಒಳಗೇ ಬೀಗುತ್ತಿದ್ದೆ. ಕೊನೆಯ ಸಾಲು ಬಂತು. ಇಂದು ನಮ್ಮ ಶಾಲೆಯ ಸೇವೆಯಿಂದ ನಿವೃತ್ತರಾಗುತ್ತಿರುವ ಇವರ ವಿಶ್ರಾಂತ ಜೀವನವು ಸುಖಮಯವಾಗಿರಲಿ...

ಓದಿ ಮುಗಿಸಿದ ಮೇಲೆ ಅದರ ಅರ್ಥ ನನಗೆ ಹೊಳೆಯಿತು. ಹಾಲ್ ತುಂಬ ಚಪ್ಪಾಳೆ. ಮೇಷ್ಟ್ರು ನಿಂತ ನಿಲುವು ಬದಲಿಸಲಿಲ್ಲ, ಕತ್ತನ್ನು ಮಾತ್ರ ಸ್ವಲ್ಪ ಹೊರಳಿಸಿ ನನ್ನ ದನಿ ಬಂದ ಕಡೆ ಮುಖ ಮಾಡಿದರು. ಅವರಿಗೆ ಮೊದಲೇ ಯಾರೂ ತಿಳಿಸಿರಲಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳಲು ಸಿಸ್ಟರಿಗೂ ಬಾಯಿ ಬಂದಿರಲಿಲ್ಲವೇನೋ. ಹೇಗೂ ಆ ಕೆಲಸ ನಾನು ಮಾಡಿದ್ದೆ, ಮೈಕಿನಲ್ಲಿ.

ಅವರು ಒಂದು ಸೆಲ್ಯೂಟ್ ಹೊಡೆದು, ಮಗಳ ಕೈ ಹಿಡಿದು ಮೆಟ್ಟಿಲಿಳಿದರು. ಬೋರ್ಡಿನ ಮುಂದೆಯೇ ಹಾದು ಹೋದರು. ಅದರ ಕಡೆ ತಿರುಗಲಿಲ್ಲ. ತಿರುಗಿದ್ದರೂ ಏನೂ ಕಾಣುತ್ತಿರಲಿಲ್ಲ.

ಆಮೇಲೆ ನಾನೂ ಟೀಚರ್ ಆದೆ. ಎಂಬತ್ತರ ದಶಕದ ನಡುವಿನಲ್ಲಿ ಗುಬ್ಬಿಗೆ ವರ್ಗವಾಯಿತು. ಮೇಷ್ಟ್ರು ಮಗಳ ಮನೆಯಲ್ಲಿ ಅದೇ ಊರಿನಲ್ಲಿದ್ದಾರೆ ಎಂದು ಮೊದಲ ವಾರವೇ ತಿಳಿಯಿತು. ಅವರ ಬೀದಿಗೆ ಕಾಲಿಡಲು ನನಗೆ ಒಂದು ವರ್ಷ ಬೇಕಾಯಿತು. ಹೋದದ್ದು ತಪ್ಪು ಒಪ್ಪಿಕೊಳ್ಳಲೆಂದೇ. ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

"ಅಪ್ಪ, ಇಸ್ಕೂಲಿಂದ ಯಾರೋ ಬಂದವ್ರೆ" ಎಂದು ಮಗಳು ಕೂಗಿ ಹೇಳಿದಳು. ಅವರು ಜಗಲಿಯ ಮೇಲೆ ಮಂಚದಲ್ಲಿ ಕೂತಿದ್ದರು. ಬಡಕಲಾಗಿದ್ದರು, ಕಣ್ಣಿನ ಮೇಲೆ ಪೂರ್ತಿ ಪೊರೆ. ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು ಬೆನ್ನು ನೆಟ್ಟಗೆ ಮಾಡಿದರು. ಒಳಗಿನ ಗೋಡೆಯ ಮೇಲೆ ಸನ್ಮಾನದ ಗಡಿಯಾರ ನಡೆಯುತ್ತಿತ್ತು.

ನನ್ನ ಹೆಸರು ಹೇಳಿದೆ. ಅವರ ಮುಖ ನಾನಿದ್ದ ಕಡೆ ತಿರುಗಿತು. ಬೋರ್ಡಿನ ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಹೇಳುತ್ತ ಬಂದರು. ತಾವು ಬರೆದ ಹುಡುಗಿಯರೆಲ್ಲರ ಹೆಸರು, ಇನಿಷಿಯಲ್ ಸಮೇತ. ಕುಣಿಗಲ್‌ನ ಬಸುರಿಯ ಹೆಸರು ಬಂದಾಗ ಒಂಚೂರು ನಕ್ಕರು. ಕೊನೆಗೆ ನನ್ನ ಹೆಸರು ಕರೆದರು.

"ಹಾಜರ್ ಸರ್" ಎಂದೆ.

"ನಿನ್ ಸಾಲು ಕೆಟ್ಟೋಯ್ತು ಕಣವ್ವ" ಎಂದರು. "ದಾರ ಹಿಡ್ಯೋರು ಇರ್ನಿಲ್ಲ. ಕೈ ಕೆಳಿಕ್ ಹೋಯ್ತಾ ಅದೆ ಅಂತ ಗೊತ್ತಾಗ್ತಿತ್ತು, ಎಷ್ಟು ಅಂತ ಗೊತ್ತಾಗ್ನಿಲ್ಲ. ಇನ್ನೊಂದಿನ ಕಾಯ್ಬೇಕಾಗಿತ್ತು ನಾನು. ಮನ್ಸಲ್ಲಿ ಇಟ್ಕೋಬ್ಯಾಡ."

ನಾನು ಕ್ಷಮೆ ಕೇಳಲು ಹೋದವಳು. ಅವರೇ ಕೇಳಿಬಿಟ್ಟರು. ಬಾಯಿಪಾಠ ಮಾಡಿದ್ದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯ ತನ್ನ ಸಾಲು ಕೆಟ್ಟಿತೆಂದು ಕೊರಗುತ್ತ ಕೂತಿದ್ದಾರಲ್ಲ! ಆ ಕೊರಗನ್ನಾದರೂ ಇಳಿಸೋಣ ಎನ್ನಿಸಿತು.

"ಇಲ್ಲ ಸರ್" ಎಂದೆ. "ಸಾಲು ನೆಟ್ಟಗೇ ಇದೆ. ನಾನೇ ಕಣ್ಣಾರೆ ನೋಡಿದೀನಿ. ಒಂದಕ್ಷರವೂ ಆಚೆ ಈಚೆ ಆಗಿಲ್ಲ."

"ನೆಟ್ಟಗೈತಾ?"

"ನೆಟ್ಟಗಿದೆ ಸರ್."

ಅವರ ಕೈ ಮಂಚದ ಅಂಚಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯಿತು. ಅಂಚು ಮುಗಿದ ಕಡೆ ನಿಂತಿತು.

"ಅಂಗಾದ್ರೆ ಅದು ನಾನ್ ಬರ್ದಿದ್ದಲ್ಲ ಬುಡವ್ವ."

ಇಷ್ಟೇ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳನ್ನು ಕರೆದು, ಟೀಚರಮ್ಮನಿಗೆ ಎಳನೀರು ಕೊಡು ಎಂದರು. ಒಳಗೆ ಗಡಿಯಾರ ನಾಲ್ಕು ಹೊಡೆಯಿತು, ಅವರು ಬೆರಳು ಮಡಿಚಿ ಎಣಿಸಿದರು. ನಾನು ಎಳನೀರು ಕುಡಿದೆ. ಬರ್ತೀನಿ ಸರ್ ಎಂದೆ. "ಇನ್ನೊಂದ್ ದಪ ಬಾರವ್ವ" ಎಂದರು. ಬರುತ್ತೇನೆ ಎಂದು ಅವತ್ತೂ ಹೇಳಿದೆ. ಹೋಗಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಮಾರ್ಕೆಟ್ಟಿನಲ್ಲಿ ಸಿಕ್ಕ ಅವರ ಮಗಳ ಬಾಯಲ್ಲಿ ಕೇಳಿದೆ, ಅಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಬೋರ್ಡು ಈಗ ಇಲ್ಲ. ಹೆಂಚಿನ ಹಾಲ್ ಕೆಡವಿ ಕಟ್ಟಡ ಎಬ್ಬಿಸಿದಾಗ ಎಲ್ಲಿ ಹೋಯಿತೋ, ಕೇಳಿದರೆ ಯಾರಿಗೂ ಗೊತ್ತಿಲ್ಲ. ಅದರ ಮೇಲಿದ್ದ ಹೆಸರುಗಳಲ್ಲಿ ಅವರು ಕರೆದು, ಹುಡುಗಿ ಓಗೊಟ್ಟು, ಆದರೂ ಅವರ ಕೈಬರಹದಲ್ಲಿ ಉಳಿಯದೆ ಹೋದದ್ದು ಒಂದೇ. ನನ್ನದು.

"ಅಮ್ಮ, ಹಿಡೀತೀರಾ ಈಗ?" ಬಣ್ಣದವನು ಲೋಟ ತೊಳೆದಿಟ್ಟು ಬಂದು ನಿಂತಿದ್ದ.

ಎದ್ದು ಹೋಗಿ ದಾರದ ತುದಿಯನ್ನು ಗೋಡೆಗೆ ಒತ್ತಿ ಹಿಡಿದೆ. ಆತ ಆ ಕಡೆ ಎಳೆದು, ನಡುವೆ ಮೀಟಿದ. ನೀಲಿ ಗೆರೆ ಬಂತು. ಹಿಂದೆ ಸರಿದು ನೋಡಿ "ನೆಟ್ಟಗೆ ಬಂತು, ಬುಡಿ ಅಮ್ಮ" ಎಂದ. ನಾನು ಬಿಡಲಿಲ್ಲ. "ಆಯ್ತು, ಬುಡಿ" ಎಂದು ಇನ್ನೊಮ್ಮೆ ಹೇಳಿದ. ಹಿಡಿಯಬೇಕಾಗಿದ್ದ ದಿನ ನಾನು ಮ್ಯಾಟಿನಿಗೆ ಹೋಗಿದ್ದೆ ಎಂದು ಅವನಿಗೆ ಹೇಗೆ ಹೇಳುವುದು?